ಉಪ್ಪಿನ ಸಂಚಿಯ ದಳಪತಿ

ಸೋವಣ್ಣ ನಾಯಕನ ಸೊಂಟದಲ್ಲಿ ಎರಡು ವಸ್ತುಗಳು ಸದಾ ತೂಗಾಡುತ್ತಿದ್ದವು. ಎಡಗಡೆ ಕತ್ತಿ, ಬಲಗಡೆ ಒಂದು ಪುಟ್ಟ ಉಪ್ಪಿನ ಸಂಚಿ. ಕತ್ತಿ ಏಕೆಂದು ಯಾರೂ ಕೇಳುತ್ತಿರಲಿಲ್ಲ. ಉಪ್ಪು ಏಕೆಂದು ಎಲ್ಲರೂ ಕೇಳುತ್ತಿದ್ದರು.

"ನಾನು ಯಾರ ಉಪ್ಪನ್ನೂ ತಿನ್ನುವವನಲ್ಲ. ಅದಕ್ಕೇ ನನ್ನ ಉಪ್ಪು ನನ್ನ ಜೊತೆ" ಎಂದು ಅವನು ಮೀಸೆಯ ತುದಿಯನ್ನು ನೇವರಿಸಿಕೊಂಡು ಹೇಳುತ್ತಿದ್ದ.

ಹಿಂದೆ ಅವನು ಹಾಗಿರಲಿಲ್ಲ. ರಾಜನ ಸೈನ್ಯದಲ್ಲಿ ದಳಪತಿಯಾಗಿದ್ದ. ಮೀಸೆ ಮೂಡುವ ಮೊದಲೇ ಅರಮನೆಯ ಪಂಕ್ತಿಯಲ್ಲಿ ಕುಳಿತು ಉಂಡವನು. ಆ ಸೀಮೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾರ ಮನೆಯ ಉಪ್ಪು ಹೊಟ್ಟೆಗೆ ಹೋಯಿತೋ ಅವರ ಮೇಲೆ ಕೈ ಎತ್ತುವಂತಿಲ್ಲ, ಅವರಿಗೆ ಕೇಡು ಬಂದಾಗ ಬೆನ್ನು ತಿರುಗಿಸುವಂತಿಲ್ಲ. ಸೋವಣ್ಣ ಈ ಮಾತನ್ನು ಅಕ್ಷರಶಃ ಪಾಲಿಸಿದ. ರಾಜನಿಗಾಗಿ ಬಾಣದ ಏಟು ತಿಂದ, ಮಳೆಯಲ್ಲಿ ನೆನೆದ, ಕೊನೆಗೆ ಒಂದು ದೊಡ್ಡ ಕೋಟೆಯನ್ನೇ ಗೆದ್ದುಕೊಟ್ಟ.

ವಿಜಯೋತ್ಸವದ ದಿನ ರಾಜ ಆಸ್ಥಾನದಲ್ಲಿ ಎದ್ದು ನಿಂತು ವೀರನ ಕಾಲಿಗೆ ತೊಡಿಸುವ ಗಂಡಪೆಂಡೇರವನ್ನು ಕೈಗೆತ್ತಿಕೊಂಡ. ಸೋವಣ್ಣ ಬಲಗಾಲನ್ನು ಸ್ವಲ್ಪ ಮುಂದಿಟ್ಟ. ರಾಜ ಅವನನ್ನು ದಾಟಿ ಹೋಗಿ ತನ್ನ ಭಾವಮೈದುನನ ಕಾಲಿಗೆ ಅದನ್ನು ತೊಡಿಸಿದ. ಯುದ್ಧದ ದಿನ ಆ ಭಾವಮೈದುನ ಹೊಟ್ಟೆನೋವೆಂದು ಡೇರೆಯಲ್ಲಿ ಮಲಗಿದ್ದ.

ಸೋವಣ್ಣ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಮರುದಿನ ತಲೆಯ ರುಮಾಲು, ಬಿರುದಿನ ಪಟ್ಟಿ ಎಲ್ಲವನ್ನೂ ಮಡಚಿ ಅರಮನೆಯ ಮೆಟ್ಟಿಲ ಮೇಲಿಟ್ಟು ಹೊರಟುಬಂದ. ಸಂತೆಯಲ್ಲಿ ಒಂದು ಸಂಚಿ ಉಪ್ಪು ಕೊಂಡ. ಅಂದಿನಿಂದ ಅವನು ಬಾಡಿಗೆ ದಂಡಾಳು. ಕರೆದವರ ಊರಿಗೆ ಹೋಗುವುದು, ವೀಳ್ಯ ಹಿಡಿಯುವುದು, ಒಪ್ಪಿದ ಕೆಲಸ ಮಾಡುವುದು, ಅವಧಿ ಮುಗಿದೊಡನೆ ಹೊರಡುವುದು. ಉಣ್ಣುವುದು ಮಾತ್ರ ತಾನೇ ಬೇಯಿಸಿಕೊಂಡದ್ದು. ಅವನ ಅಡುಗೆಯ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಅವನ ಮುದ್ದೆಯನ್ನು ಕವಣೆಯಲ್ಲಿಟ್ಟು ಬೀಸಿದರೆ ಕೋಟೆ ಬೀಳುತ್ತದೆಂದು ಸಿಪಾಯಿಗಳು ಬೆನ್ನ ಹಿಂದೆ ನಗುತ್ತಿದ್ದರು.

ಅವಧಿಯ ವಿಷಯದಲ್ಲಂತೂ ಅವನು ಕಟ್ಟುನಿಟ್ಟು. ಒಮ್ಮೆ ಒಂದು ಮುತ್ತಿಗೆಯಲ್ಲಿ ಅವನು ಏಣಿ ಹತ್ತುತ್ತಿದ್ದ. ಅರ್ಧ ಹತ್ತಿದ್ದಾನೆ, ಸೂರ್ಯ ಮುಳುಗಿ ಶಂಖ ಮೊಳಗಿತು. ಕರಾರು ಅಂದಿನ ಸೂರ್ಯಾಸ್ತದವರೆಗೆ. ಸೋವಣ್ಣ ಕತ್ತಿಯನ್ನು ಒರೆಗೆ ಸೇರಿಸಿ, "ನನ್ನ ಕೆಲಸ ಮುಗಿಯಿತು" ಎಂದು ಏಣಿ ಇಳಿಯತೊಡಗಿದ. ಕೋಟೆಯ ಮೇಲಿದ್ದ ಶತ್ರು ಸಿಪಾಯಿಗೆ ಎಷ್ಟು ಸಂತೋಷವಾಯಿತೆಂದರೆ, ಅವನು ಇಳಿಯುವವರೆಗೂ ಏಣಿ ಅಲುಗದಂತೆ ಹಿಡಿದುಕೊಂಡು, "ನಿಧಾನ ಅಣ್ಣಾ, ಆ ಮೆಟ್ಟಿಲು ಸಡಿಲ ಇದೆ" ಎಂದ.

ಹೀಗೆ ಸೋವಣ್ಣನಿಗೆ ಎಲ್ಲೆಲ್ಲೂ ಕೆಲಸ ಸಿಗುತ್ತಿತ್ತು. ಆಡಿದ ಮಾತಿಗೆ ಅವನು ತಪ್ಪುವವನಲ್ಲ ಎಂದು ಸೀಮೆಗೆಲ್ಲ ಗೊತ್ತಿತ್ತು. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ. ಮನೆ ಇರಲಿಲ್ಲ, ಊರು ಇರಲಿಲ್ಲ. ಹಬ್ಬದ ದಿನ "ಬಾ" ಎನ್ನುವವರೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಗೂಳಿಬೆಟ್ಟದ ಪಾಳೆಯಗಾರ ಕಾಟೇನಾಯಕ ಅವನನ್ನು ಕರೆಸಿದ.

"ಬಯಲಿನ ಆಚೆ ಹೊಂಗೆಹಾಳು ಅಂತ ಊರಿದೆ. ಅಲ್ಲಿನ ದನಗಳಂಥ ದನ ಈ ಸೀಮೆಯಲ್ಲೇ ಇಲ್ಲ. ಆ ಮಂದೆ ನನ್ನ ಕೊಟ್ಟಿಗೆಯಲ್ಲಿರಬೇಕು. ಹೊಡಕೊಂಡು ಬರೋಕೆ ನನ್ನ ಜನಕ್ಕೆ ಶಿಸ್ತು ಕಲಿಸು, ಮುಂದೆ ನಿಂತು ನಡೆಸು" ಎಂದ ಕಾಟೇನಾಯಕ.

ಸೋವಣ್ಣ ವೀಳ್ಯ ಹಿಡಿದ. ಅಂದಿನಿಂದಲೇ ಸಿಪಾಯಿಗಳಿಗೆ ಕವಾಯತು ಶುರುವಾಯಿತು. ಸಾಲು ಸೊಟ್ಟಗಾದರೆ ಮೊದಲಿನಿಂದ. ಲಾಡಿ ಬಿಚ್ಚಿದ್ದರೆ ಮೊದಲಿನಿಂದ. "ದಂಡು, ನಿಲ್ಲಿ!" ಎಂದರೆ ಎತ್ತಿದ ಕಾಲು ಎತ್ತಿದಲ್ಲೇ ನಿಲ್ಲಬೇಕು. ನೀರು ಸಿಕ್ಕರೆ ಮೊದಲು ಕುದುರೆಗೆ, ಆಮೇಲೆ ಮನುಷ್ಯನಿಗೆ. ದುಗ್ಗಪ್ಪನೆಂಬ ಡೊಳ್ಳುಹೊಟ್ಟೆಯ ಸಿಪಾಯಿ, "ದಳಪತಿಗಳೇ, ಮುಂದಿನ ಜನ್ಮಕ್ಕೆ ನಾನು ಕುದುರೆಯಾಗಿ ಹುಟ್ತೀನಿ" ಎಂದು ಗೊಣಗಿದ. ಆದರೂ ಎಲ್ಲರೂ ಕಲಿತರು. ಶಿಸ್ತಿನಿಂದ ಕೆಟ್ಟವರು ಯಾರೂ ಇಲ್ಲ.

ದಾಳಿಯ ಯೋಜನೆಯನ್ನೂ ಸೋವಣ್ಣನೇ ಹಾಕಿದ. ಬರುವ ಅಮಾವಾಸ್ಯೆಯ ನಡುಮಧ್ಯಾಹ್ನ ಊರು ಮುಟ್ಟುವುದು. ಆ ಹೊತ್ತಿಗೆ ದನಗಳು ತೋಪಿನ ನೆರಳಿನಲ್ಲಿ ಮೆಲುಕು ಹಾಕುತ್ತಿರುತ್ತವೆ, ಊರು ಉಂಡು ಮಲಗಿರುತ್ತದೆ. ಎಲ್ಲ ಸರಿಯಾಗಿತ್ತು. ದಾರಿಯನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂದು ಅವನು ಪರದೇಶಿಯಂತೆ ಬಟ್ಟೆ ತೊಟ್ಟು ಒಬ್ಬನೇ ಹೊರಟ.

ಬಯಲು ಕಾದ ಹಂಚಿನಂತಿತ್ತು. ಒಂದು ಹಳ್ಳವಿಲ್ಲ, ಒಂದು ಬಾವಿಯಿಲ್ಲ. ಅರ್ಧ ದಾರಿಗೆ ಕುದುರೆ ನಾಲಿಗೆ ಹೊರಹಾಕಿತು. ಸೋವಣ್ಣ ತೊಗಲಿನ ಚೀಲದಲ್ಲಿದ್ದ ನೀರನ್ನೆಲ್ಲ ಅದಕ್ಕೆ ಕುಡಿಸಿದ. ತಾನು ಮಾಡಿದ ನಿಯಮ, ತಾನೇ ಮುರಿಯುವುದುಂಟೇ? ಹೊಂಗೆಹಾಳು ಕಾಣುವ ಹೊತ್ತಿಗೆ ಅವನ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು.

ಊರ ಬಾಗಿಲಿಗಿಂತ ಮುಂಚೆ, ಹೊಂಗೆಮರಗಳ ಕೆಳಗೆ ಒಂದು ಅರವಟ್ಟಿಗೆ ಇತ್ತು. ಸೋಗೆಯ ಚಪ್ಪರ, ಒದ್ದೆ ಮರಳಿನ ಮೇಲೆ ಗುಡಾಣಗಳು, ದಾರಿಹೋಕರು ಕೂರಲು ಒಂದು ಕಲ್ಲು. ಒಳಗೆ ಕುಳ್ಳಗಿನ ಹೆಂಗಸೊಬ್ಬಳು ಕಡಗೋಲು ಹಿಡಿದು ಮಜ್ಜಿಗೆ ಕಡೆಯುತ್ತಿದ್ದಳು. ಹೆಸರು ದೊಡ್ಡೀರಮ್ಮ. ಅವಳ ದನಿ ಮಾತ್ರ ಹೆಸರಿಗೆ ತಕ್ಕಂತೆ ದೊಡ್ಡದು.

"ಬನ್ನಿ ಯಜಮಾನ್ರೇ, ನೆರಳಿಗೆ ಬನ್ನಿ! ಮುಖ ಸುಟ್ಟ ಬದನೆಕಾಯಿ ಆಗಿದೆಯಲ್ಲ!"

"ಸ್ವಲ್ಪ ನೀರು ಸಾಕಮ್ಮ" ಎಂದ ಸೋವಣ್ಣ.

"ನೀರು ಕುದುರೆಗಿದೆ. ಇಷ್ಟು ಬಿಸಿಲಲ್ಲಿ ಬಂದ ಮನುಷ್ಯರಿಗೆ ಬರೀ ನೀರು ಕೊಟ್ಟು ಕಳಿಸಿದೆ ಅಂತ ನಾಲ್ಕು ಜನ ಆಡಿಕೊಳ್ಳಲಿ ಅಂತಲಾ? ಹಿಡೀರಿ."

ಮಣ್ಣಿನ ಕುಡಿಕೆ ಕೈಗೆ ಬಂತು. ಸೋವಣ್ಣ ಕುಡಿದ. ತಣ್ಣಗೆ ಗಂಟಲಿನಿಂದ ಹೊಟ್ಟೆಗೆ ಇಳಿದ ದಾರಿಯೇ ತಿಳಿಯುವಂತಿತ್ತು. ಕೇಳದೆಯೇ ಇನ್ನೊಂದು ಬಂತು. ಅದನ್ನೂ ಕುಡಿದ. ಮೂರನೆಯದನ್ನು ಮುಗಿಸಿ ಮೀಸೆ ಒರೆಸಿಕೊಳ್ಳುವಾಗ ಅವನ ನಾಲಿಗೆಗೆ ಏನೋ ಅನುಮಾನ ಬಂತು.

"ಅಮ್ಮಾ, ಇದಕ್ಕೆ ಏನೇನು ಹಾಕಿದ್ದೀರಿ?"

"ಶುಂಠಿ, ಕರಿಬೇವು, ಚೂರು ಇಂಗು."

"ಅಷ್ಟೇ ತಾನೆ?"

"ಮತ್ತೆ ಉಪ್ಪು."

"ಉಪ್ಪೇ!"

"ಉಪ್ಪಿಲ್ಲದ ಮಜ್ಜಿಗೆ ಕೊಟ್ಟರೆ ನಮ್ಮೂರವರು ಈ ಚಪ್ಪರ ಕಿತ್ತು ನನ್ನ ತಲೆ ಮೇಲೆ ಹಾಕ್ತಾರೆ. ಯಾಕೆ, ಜಾಸ್ತಿ ಆಯ್ತಾ?"

ಬಾಣ ನಾಟಿದಾಗಲೂ ಹುಬ್ಬು ಅಲುಗಿಸದ ದಳಪತಿಯ ಮುಖ ಬಿಳಿಚಿಕೊಂಡಿತು. ಅವನು ಸರಸರನೆ ಸಂಚಿ ಬಿಚ್ಚಿದ. "ತಗೊಳ್ಳಿ. ನನಗೆ ಹಾಕಿದ್ದಕ್ಕಿಂತ ಹತ್ತರಷ್ಟು ತಗೊಳ್ಳಿ. ಲೆಕ್ಕ ಇಲ್ಲಿಗೇ ಚುಕ್ತ ಆಗಲಿ."

ದೊಡ್ಡೀರಮ್ಮ ಕಡಗೋಲು ಬಿಟ್ಟು ನಕ್ಕಳು. "ಸರಿಹೋಯ್ತು! ಇದು ಅರವಟ್ಟಿಗೆ ಯಜಮಾನ್ರೇ. ಕೊಡ್ತೀವಿ ಅಂತ ಹರಕೆ ಹೊತ್ತು ಹಾಕಿದ್ದು. ಕೊಟ್ಟಿದ್ದಕ್ಕೆ ಒಂದು ಹರಳು ವಾಪಸ್ ತಗೊಂಡರೂ ಹರಕೆ ಕೆಟ್ಟಂತೆ."

"ಹಾಗಾದರೆ ನಾನು ಇದನ್ನು ತೀರಿಸುವುದು ಹೇಗೆ?"

"ಉಪ್ಪೇನೋ ವಾಪಸ್ ಕೊಡ್ತೀರಿ. ಬರುವಾಗ ತಂದಿದ್ದ ಆ ಬಾಯಾರಿಕೆ ವಾಪಸ್ ತರ್ತೀರಾ? ಸುಮ್ಮನೆ ಹೋಗಿ. ಇಲ್ಲಿ ಕುಡಿದವರು ಹೆಸರೂ ಹೇಳದೆ ಹೋಗ್ತಾರೆ."

ಸೋವಣ್ಣ ಸುತ್ತ ನೋಡಿದ. ತೋಪಿನ ನೆರಳಿನಲ್ಲಿ ಹೊಂಗೆಹಾಳಿನ ದನಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದವು. ಒಂದು ಕೆಂದ ಹಸು ಹತ್ತಿರ ಬಂದು ಅವನ ಕೈಗೆ ಅಂಟಿದ್ದ ಉಪ್ಪನ್ನು ನೆಕ್ಕಿತು.

"ಅದರ ಹಾಲಿನದೇ ಈ ಮಜ್ಜಿಗೆ" ಎಂದಳು ದೊಡ್ಡೀರಮ್ಮ.

ಹಿಂದಿರುಗುವ ದಾರಿಯುದ್ದಕ್ಕೂ ಸೋವಣ್ಣನಿಗೆ ತಳಮಳ. ಒಂದು ಕಡೆ ಹಿಡಿದ ವೀಳ್ಯ, ಇನ್ನೊಂದು ಕಡೆ ಕುಡಿದ ಮಜ್ಜಿಗೆ. ವೀಳ್ಯ ಹಿಂದಿರುಗಿಸಿದರೆ ಮಾತಿಗೆ ತಪ್ಪಿದವನೆಂಬ ಹೆಸರು ಬರುತ್ತದೆ, ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಹಿಂದಿರುಗಿಸದಿದ್ದರೆ ಆ ಕೆಂದ ಹಸುವಿನ ಕೊರಳಿಗೆ ತಾನೇ ಹಗ್ಗ ಹಾಕಬೇಕು. ಉಪ್ಪು ತಿಂದದ್ದನ್ನು ಗೂಳಿಬೆಟ್ಟದವರು ಯಾರೂ ಕಂಡಿಲ್ಲವಲ್ಲ, ಸುಮ್ಮನಿದ್ದುಬಿಡಬಹುದು ಎಂದೂ ಒಮ್ಮೆ ಅನ್ನಿಸಿತು. ಆ ಯೋಚನೆಗೆ ಅವನಿಗೇ ನಾಚಿಕೆಯಾಯಿತು. ಯಾರೂ ಕಾಣದಿದ್ದರೂ ಕುಡಿದವನು ತಾನಲ್ಲವೇ?

ಅವನು ನೇರವಾಗಿ ಕಾಟೇನಾಯಕನ ಚಾವಡಿಗೆ ಹೋಗಿ, ವೀಳ್ಯವನ್ನೂ ಅದರ ಜೊತೆ ಕೊಟ್ಟಿದ್ದ ಉಡುಗೊರೆಯನ್ನೂ ಎಲ್ಲರ ಎದುರು ಕೆಳಗಿಟ್ಟ.

"ಪ್ರಭು, ಹೊಂಗೆಹಾಳಿನ ಉಪ್ಪು ತಿಂದುಬಿಟ್ಟಿದ್ದೇನೆ. ನನ್ನ ಕೈಯಲ್ಲಿ ಈ ಕೆಲಸ ಆಗುವುದಿಲ್ಲ."

"ಎಷ್ಟು ತಿಂದೆಯಯ್ಯಾ? ಒಂದು ಮೂಟೆಯಾ?"

"ಮೂರು ಕುಡಿಕೆ ಮಜ್ಜಿಗೆ."

ಚಾವಡಿ ಬಿದ್ದುಬಿದ್ದು ನಕ್ಕಿತು. ಕಾಟೇನಾಯಕ ಮಾತ್ರ ನಗಲಿಲ್ಲ. "ಏಣಿಯಿಂದ ಅರ್ಧಕ್ಕೆ ಇಳಿದವನು ನೀನು, ಕರಾರು ಕರಾರೇ ಅಂತ. ಈಗ ಮಜ್ಜಿಗೆಗೆ ಕರಾರು ಮುರೀತೀಯಾ? ನಾಳೆಯಿಂದ ಈ ಸೀಮೆಯಲ್ಲಿ ನಿನಗೆ ವೀಳ್ಯ ಕೊಡೋರು ಯಾರೂ ಇರಲ್ಲ, ತಿಳಿದಿರಲಿ."

"ತಿಳಿದಿದೆ. ಮಾತಿಗೆ ತಪ್ಪುತ್ತಿದ್ದೇನೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮ ಗುಟ್ಟನ್ನು ಆ ಊರಿಗೆ ಹೇಳುವುದಿಲ್ಲ. ಆದರೆ ನಾನು ಅರವಟ್ಟಿಗೆಯ ಮುಂದೆ ನಿಂತಿರುತ್ತೇನೆ. ನನ್ನನ್ನು ದಾಟಿಯೇ ದನ ಮುಟ್ಟಬೇಕು."

"ಇಷ್ಟು ದೊಡ್ಡ ದಂಡಿನ ಎದುರು ಒಬ್ಬನೇ ನಿಂತು ಏನು ಮಾಡ್ತೀಯ?"

ಸೋವಣ್ಣ ಸ್ವಲ್ಪ ಯೋಚಿಸಿದ. "ಇನ್ನೂ ಗೊತ್ತಿಲ್ಲ ಪ್ರಭು. ಏನಿಲ್ಲದಿದ್ದರೆ ಮಜ್ಜಿಗೆ ಕೊಡುತ್ತೇನೆ" ಎಂದು ಹೊರಟ. ಚಾವಡಿ ಮತ್ತೊಮ್ಮೆ ನಕ್ಕಿತು.

ಹೊಂಗೆಹಾಳಿಗೆ ಬಂದು, ಅರವಟ್ಟಿಗೆಯಲ್ಲಿ ಕೆಲಸ ಕೊಡಿ ಎಂದು ದೊಡ್ಡೀರಮ್ಮನನ್ನು ಕೇಳಿದ. ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕಡಗೋಲು ಕೊಟ್ಟಳು. ಮೊದಲ ದಿನವೇ ಅವನು ಅರ್ಧ ಮಜ್ಜಿಗೆಯನ್ನು ನೆಲಕ್ಕೆ ಚೆಲ್ಲಿದ. "ಅದು ಮಜ್ಜಿಗೆ ಯಜಮಾನ್ರೇ, ಶತ್ರು ಅಲ್ಲ. ಮೆಲ್ಲಗೆ!" ಎಂದು ಅವಳು ಕೂಗಿದಳು. ಎರಡನೆಯ ದಿನ ಗುಡಾಣಗಳನ್ನೆಲ್ಲ ಕವಾಯತಿನ ಸಾಲಿನಂತೆ ನೆಟ್ಟಗೆ ನಿಲ್ಲಿಸಿದ. ಅದೊಂದಕ್ಕೆ ಅವಳು ತಲೆದೂಗಿದಳು. ಸಂಜೆ ಊರವರು ಊಟಕ್ಕೆ ಕರೆದಾಗ ಅವನ ಕೈ ತಾನಾಗಿ ಸಂಚಿಗೆ ಹೋಯಿತು. ಆಮೇಲೆ ನಕ್ಕು ಕೈ ತೊಳೆದು ಪಂಕ್ತಿಯಲ್ಲಿ ಕುಳಿತ. ಎಷ್ಟೋ ಕಾಲದ ನಂತರ ಬಾಯಿಗೆ ಮೆತ್ತನೆಯ ಮುದ್ದೆ ಸಿಕ್ಕಿತು.

ಅಮಾವಾಸ್ಯೆ ಬಂತು. ನಡುಮಧ್ಯಾಹ್ನ ಬಯಲಿನ ತುದಿಯಲ್ಲಿ ಧೂಳೆದ್ದಿತು. ಸೋವಣ್ಣ ಕಲಿಸಿದಂತೆಯೇ ಸಾಲು ನೆಟ್ಟಗಿತ್ತು. ಅದನ್ನು ನೋಡಿ ಅವನಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ದೊಡ್ಡೀರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಕತ್ತಿಗಳು ಹೊಳೆಯುತ್ತಿದ್ದವು.

"ಇವರು ನಮ್ಮ ದನಕ್ಕೆ ಬಂದವರು" ಎಂದಳು. ಅವಳ ದೊಡ್ಡ ದನಿ ಸಣ್ಣದಾಗಿತ್ತು. "ಇದಕ್ಕೇನಾ ನೀವು ಬಂದು ನಿಂತಿದ್ದು?"

"ಇದಕ್ಕೇ ಅಮ್ಮಾ."

ಸೋವಣ್ಣ ಒರೆಯಿಂದ ಕತ್ತಿ ಎಳೆದ. ಅಷ್ಟರಲ್ಲಿ ಸಾಲು ಇನ್ನೂ ಹತ್ತಿರ ಬಂತು. ಸಿಪಾಯಿಗಳ ತುಟಿಗಳು ಬಿರುಕು ಬಿಟ್ಟಿದ್ದವು, ಕುದುರೆಗಳ ಬಾಯಿ ಮಾತ್ರ ಒದ್ದೆಯಾಗಿತ್ತು. ಪಾಪ, ಹುಡುಗರು ಅವನು ಹೇಳಿದಂತೆ ನೀರನ್ನೆಲ್ಲ ಕುದುರೆಗಳಿಗೇ ಕುಡಿಸಿದ್ದರು! ಸೋವಣ್ಣನ ಕೈ ನಿಧಾನವಾಯಿತು.

"ಅಮ್ಮಾ, ಈ ಅರವಟ್ಟಿಗೆ ಯಾರಿಗೆ?"

"ದಾರಿಯಲ್ಲಿ ಬಂದವರಿಗೆಲ್ಲ."

"ದನ ಕದಿಯಲು ಬಂದವರಿಗೂ?"

ದೊಡ್ಡೀರಮ್ಮ ದನಗಳ ಕಡೆ ನೋಡಿದಳು, ಬರುತ್ತಿದ್ದವರ ಕಡೆ ನೋಡಿದಳು. "ಬಾಯಾರಿದ್ದರೆ ಅವರಿಗೂ. ಹರಕೆ ಹೊರುವಾಗ ನಾನು ಜನ ಆರಿಸಿಲ್ಲ" ಎಂದಳು.

ಸೋವಣ್ಣ ಕತ್ತಿಯನ್ನು ಕಂಬಕ್ಕೆ ಒರಗಿಸಿ ಇಟ್ಟ. ಬೆಳಗಿನಿಂದ ದಾರಿಹೋಕರಿಗೆ ಕೊಟ್ಟು ಖಾಲಿಯಾಗಿದ್ದ ದೊಡ್ಡ ಗುಡಾಣಕ್ಕೆ ಹೊಸ ಮಜ್ಜಿಗೆ ಸುರಿದ. ಆಮೇಲೆ "ಇನ್ನು ನನ್ನ ಉಪ್ಪೂ ಈ ಊರಿನದೇ" ಎಂದು ಸೊಂಟದ ಸಂಚಿಯನ್ನು ಬಿಚ್ಚಿ ಅದರೊಳಗೆ ಕವುಚಿದ.

"ಅಯ್ಯೋ, ಎಲ್ಲಾ ಸುರೀಬೇಡಿ! ಸಮುದ್ರ ಆಗುತ್ತೆ!" ಎಂದು ದೊಡ್ಡೀರಮ್ಮ ಅವನ ಕೈ ಹಿಡಿದಳು. ಸಂಚಿಯ ತಳದಲ್ಲಿ ಒಂದು ಚಿಟಿಕೆ ಮಾತ್ರ ಉಳಿಯಿತು.

ಸೋವಣ್ಣ ದಾರಿಯ ನಡುವೆ ಬಂದು ನಿಂತ. "ದಂಡು, ನಿಲ್ಲಿ!"

ಎತ್ತಿದ ಕಾಲುಗಳು ಎತ್ತಿದಲ್ಲೇ ನಿಂತವು. ಹಿಂದಿನಿಂದ ಕಾಟೇನಾಯಕ, "ಅವನ ಮಾತು ಕೇಳಬೇಡಿ, ನಡೀರಿ!" ಎಂದು ಕೂಗಿದ. ಆದರೆ ಕವಾಯತು ಮೈಗೆ ಹತ್ತಿಬಿಟ್ಟಿತ್ತು.

"ಕೇಳಿ, ಇಲ್ಲಿ ಎರಡು ಗುಡಾಣಗಳಿವೆ. ಒಂದರಲ್ಲಿ ಬರೀ ನೀರು. ಅದನ್ನು ಕುಡಿದವರಿಗೆ ಯಾವ ಕಟ್ಟೂ ಇಲ್ಲ, ಕುಡಿದು ನನ್ನ ಮೇಲೆ ಬನ್ನಿ. ಇನ್ನೊಂದರಲ್ಲಿ ಈ ಊರಿನ ಮಜ್ಜಿಗೆ, ಅದಕ್ಕೆ ಉಪ್ಪು ಹಾಕಿದೆ. ಮುಚ್ಚಿಡುವುದಿಲ್ಲ, ಮೊದಲೇ ಹೇಳುತ್ತಿದ್ದೇನೆ. ಅದನ್ನು ಕುಡಿದರೆ ಹೊಂಗೆಹಾಳಿನ ಉಪ್ಪು ತಿಂದಂತೆ. ಯಾವುದು ಬೇಕೋ ನೀವೇ ಆರಿಸಿ."

ಶುಂಠಿ, ಕರಿಬೇವಿನ ಪರಿಮಳ ಗಾಳಿಯಲ್ಲಿ ತೇಲಿ ಬಂತು. ಕೊನೆಗೆ ದುಗ್ಗಪ್ಪ ಹೊಟ್ಟೆ ಮುಂದೆ ಮಾಡಿಕೊಂಡು ಸಾಲಿನಿಂದ ಹೊರಬಂದ. ನೀರಿನ ಗುಡಾಣ ನೋಡಿದ. ಮಜ್ಜಿಗೆಯ ಗುಡಾಣ ನೋಡಿದ. ಆಮೇಲೆ ದೊಡ್ಡೀರಮ್ಮನನ್ನು ನೋಡಿದ.

"ಅಮ್ಮಾ, ನಾವು ಯಾಕೆ ಬಂದಿದ್ದೀವಿ ಗೊತ್ತಾ?"

"ಕತ್ತಿ ಹಿಡಕೊಂಡು ಮದುವೆ ಊಟಕ್ಕೆ ಬರ್ತಾರಾ? ಗೊತ್ತು."

"ಗೊತ್ತಿದ್ದೂ ಕೊಡ್ತೀಯಾ?"

"ತುಟಿ ನೋಡು, ಕೆರೆ ಒಣಗಿದ ಹಾಗಾಗಿದೆ. ಮಾತು ಆಮೇಲೆ ಆಡುವಿಯಂತೆ, ಮೊದಲು ಕುಡಿ ಮಗನೇ."

ದುಗ್ಗಪ್ಪ ತಿರುಗಿ ಪಾಳೆಯಗಾರನತ್ತ ನೋಡಿ ಕೈ ಮುಗಿದ. "ತಪ್ಪು ತಿಳೀಬೇಡಿ ಬುದ್ಧೀ. ಬೆಳಗ್ಗೆ ಹೊರಡುವಾಗ ಗಂಜಿ ಕುಡಿದ್ರಾ ಅಂತ ತಾವು ಒಂದು ಮಾತು ಕೇಳಲಿಲ್ಲ. ಈಯಮ್ಮ ನನ್ನನ್ನ ಮಗನೇ ಅಂದಳು." ಅವನು ಮಜ್ಜಿಗೆಯ ಕುಡಿಕೆ ಎತ್ತಿ ಗಟಗಟನೆ ಕುಡಿದು, ತುಟಿ ಸೊಟ್ಟ ಮಾಡಿದ. "ಉಪ್ಪು ತುಸು ಜಾಸ್ತಿ ಆಯ್ತು ದಳಪತಿಗಳೇ."

"ಉಪ್ಪು ಹಾಕಿದ್ದು ದಂಡಿನ ಕೈ" ಎಂದಳು ದೊಡ್ಡೀರಮ್ಮ.

ಅಷ್ಟೇ. ಸಾಲು ಮುರಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಕತ್ತಿ ಕೆಳಗಿಟ್ಟು ಮಜ್ಜಿಗೆಗೆ ಕೈಯೊಡ್ಡಿದರು. ನೀರಿನ ಗುಡಾಣದ ಹತ್ತಿರ ಕುದುರೆಗಳು ಮಾತ್ರ ನಿಂತಿದ್ದವು.

ಕಾಟೇನಾಯಕ ಬಿಸಿಲಿನಲ್ಲಿ ಒಬ್ಬನೇ ಉಳಿದ. ಬೈದ, ಹೆದರಿಸಿದ, ಬೈದು ಬೈದು ಗಂಟಲು ಒಣಗಿ ದನಿಯೇ ಹೊರಡದಾಯಿತು. ದೊಡ್ಡೀರಮ್ಮ ಒಂದು ಕುಡಿಕೆ ತೆಗೆದುಕೊಂಡು ಅವನ ಕುದುರೆಯ ಬಳಿಗೆ ಹೋದಳು.

"ಬುದ್ಧೀ, ನಿಮಗೆ ಅಂತ ಉಪ್ಪು ಹಾಕದೆ ಬೇರೆ ತೆಗೆದಿಟ್ಟಿದ್ದೀನಿ. ಯಾವ ಕಟ್ಟೂ ಇಲ್ಲ. ಧೈರ್ಯವಾಗಿ ಕುಡೀರಿ."

ಕಾಟೇನಾಯಕ ಕುಡಿಕೆಯನ್ನು ಕೈಗೆ ತೆಗೆದುಕೊಂಡ. ಒಂದು ಗುಟುಕು ಕುಡಿದ. ನೆರಳಿನಲ್ಲಿ ನಗುತ್ತ ಕುಳಿತಿದ್ದ ತನ್ನ ಜನರನ್ನು ನೋಡಿದ. ಮೆಲುಕು ಹಾಕುತ್ತಿದ್ದ ದನಗಳನ್ನು ನೋಡಿದ. ತನ್ನನ್ನೇ ದಿಟ್ಟಿಸುತ್ತಿದ್ದ ಆ ಕುಳ್ಳಗಿನ ಹೆಂಗಸನ್ನೂ ನೋಡಿದ. ಕುಡಿಕೆಯನ್ನು ಹಿಡಿದುಕೊಂಡೇ ಕುದುರೆಯಿಂದ ಇಳಿದು ಚಪ್ಪರದ ಕೆಳಗೆ ಬಂದ.

"ಸಪ್ಪೆಯಾಗಿದೆ" ಎಂದು ನೆಲ ನೋಡುತ್ತ ಹೇಳಿದ. "ಸೋವಣ್ಣ, ಇದಕ್ಕೆ ಉಪ್ಪು ಹಾಕಯ್ಯ."

ಸೋವಣ್ಣ ಸಂಚಿಯನ್ನು ತಿರುವಿ ತಟ್ಟಿದ. ಉಳಿದಿದ್ದ ಆ ಒಂದು ಚಿಟಿಕೆ ಕಾಟೇನಾಯಕನ ಕುಡಿಕೆಗೆ ಬಿತ್ತು.

ಸಂಜೆ ತಂಪಾದ ಮೇಲೆ ಗೂಳಿಬೆಟ್ಟದ ದಂಡು ಬಂದಂತೆಯೇ ಬರಿಗೈಯಲ್ಲಿ ಹೊರಟಿತು. ದನಗಳು ಎಂದಿನಂತೆ ತಾವಾಗಿ ಎದ್ದು ಕೊಟ್ಟಿಗೆಗಳಿಗೆ ನಡೆದವು. ಊರ ಹಿರಿಯರು ಸೋವಣ್ಣನ ಬಳಿಗೆ ಬಂದು, "ಊರ ಕಾವಲಿಗೆ ನೀವೇ ಇದ್ದುಬಿಡಿ. ಕರಾರು ಹೇಗೆ, ಎಲ್ಲಿಯವರೆಗೆ, ನೀವೇ ಹೇಳಿ" ಎಂದರು.

"ಕರಾರು ಬೇಡ" ಎಂದ ಸೋವಣ್ಣ. "ಊಟಕ್ಕೆ ಮರೆಯದೆ ಕರೆಯಿರಿ. ಸಾಕು."

ಖಾಲಿ ಸಂಚಿಯನ್ನು ಅವನು ಅರವಟ್ಟಿಗೆಯ ಕಂಬಕ್ಕೆ ನೇತುಹಾಕಿದ. ಅದರಲ್ಲಿ ಮತ್ತೆ ಉಪ್ಪು ತುಂಬಲಿಲ್ಲ. ಪಾನಕಕ್ಕೆ ಬೇಕೆಂದು ದೊಡ್ಡೀರಮ್ಮ ಅದರಲ್ಲಿ ಏಲಕ್ಕಿ ಇಟ್ಟುಕೊಂಡಳು.

ನೀತಿ: ಕೂಲಿ ಕೊಟ್ಟವರಿಗೆ ನಮ್ಮ ಕೈಗಳು ದುಡಿಯುತ್ತವೆ. ಏನನ್ನೂ ಬಯಸದೆ ಕೊಟ್ಟವರಿಗೆ ನಮ್ಮ ಮನಸ್ಸೇ ಒಲಿಯುತ್ತದೆ. ಆದ್ದರಿಂದ ಕೊಡುವಾಗ ಯಾರೆಂದು ಆರಿಸಬೇಡಿ, ಪಡೆದದ್ದನ್ನು ಯಾರೂ ನೋಡಲಿಲ್ಲವೆಂದು ಮರೆಯಬೇಡಿ. ಯಾರ ಹಂಗೂ ಇಲ್ಲದೆ ಬದುಕುತ್ತೇನೆಂದು ಹೊರಟವನಿಗೆ ಕೊನೆಗೆ ಸಿಗುವುದು ಗಟ್ಟಿ ಮುದ್ದೆ ಮತ್ತು ಒಂಟಿ ಊಟ.